ಬಿಕ್ಕಟ್ಟು ಬಂದಾಗ ಹೆಚ್ಚಾಗುವ ಮನೆಗೆಲಸ: ಮಹಿಳಾ ಗ್ರಾಮ ಸಭೆಯಲ್ಲಿ ಏನು ಕೇಳೋಣ?

ಮಳೆಮಾಪಕ
ಮಹಿಳಾ ಗ್ರಾಮ ಸಭೆಗೆ ಎರಡು ಪುಟದ ಟಿಪ್ಪಣಿ ತಯಾರಾಗಬೇಕು, ತಿಳಿದವರು ಸಹಾಯ ಮಾಡಿ. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿತ್ತು. 2001-02ರಲ್ಲಿ ಬೆಲೆ ನೆಲ ಕಚ್ಚಿತು. 2018ರ ಆಗಸ್ಟಿನಲ್ಲಿ ಗುಡ್ಡ ಜರಿಯಿತು. 2020ರಲ್ಲಿ ಲಾಕ್‌ಡೌನ್. ಪ್ರತಿ ಸಲವೂ ಕೊಡಗಿನಲ್ಲಿ ಸಭೆ ಸೇರಿ ಮಾತಾಡಿದ್ದು ಸಾಲ, ಬಡ್ಡಿ, ಪರಿಹಾರ. ಆಳು ಕಡಿಮೆ ಮಾಡಿದ ಮೇಲೆ ಕಣದಲ್ಲಿ ಕಾಫಿ ಕೆದಕಿದವರು ಯಾರು, ಅಂಗನವಾಡಿ ಮುಚ್ಚಿದಾಗ ಮಗು ನೋಡಿಕೊಂಡವರು ಯಾರು, ಆಸ್ಪತ್ರೆಗೆ ದುಡ್ಡಿಲ್ಲದೆ ಮನೆಗೆ ಕರೆತಂದ ಮಾವನಿಗೆ ಗಂಜಿ ಕುಡಿಸಿದವರು ಯಾರು ಅನ್ನೋದು ಮಾತಿಗೇ ಬರಲ್ಲ.

ನನ್ನ ಪ್ರಶ್ನೆ ಎರಡು. ಊರಮಟ್ಟದಲ್ಲಿ ಈ ಕೆಲಸ ಅಳೆಯೋದು ಹೇಗೆ? ಅಳೆದ ಮೇಲೆ ಕೇಳೋದೇನು: ದುಡ್ಡೋ, ಮಕ್ಕಳ ಕೇಂದ್ರವೋ, ನಲ್ಲಿ ನೀರೋ? ಎಲ್ಲಾನೂ ಕೇಳಿದರೆ ಏನೂ ಸಿಗಲ್ಲ.

ರೋಬಸ್ಟಾ
ಕಾಫಿಗೆ ಇಷ್ಟು ಬೆಲೆ ಬಂದಿರುವಾಗ ಬಿಕ್ಕಟ್ಟು ಎಲ್ಲಿದೆ ಮಾರಾಯ್ರೇ?

ಚೆಕ್‌ರೋಲ್
ಬೆಲೆ ಏರಿದ್ದು ಕಣದಲ್ಲಿ, ತೋಟದ ಆಳುಗಳು ಇರೋ ಲೈನ್‌ಮನೆಯಲ್ಲಲ್ಲ. ನಷ್ಟದ ವರ್ಷ ಮಕ್ಕಳ ಆಯಾಳನ್ನು ಬಿಡಿಸಿದ ತೋಟ ಲಾಭದ ವರ್ಷ ತಾನಾಗಿ ವಾಪಸ್ ಕರೆಯುತ್ತೆ ಅಂತ ನಂಬಿದ್ದೀರಾ? ಬಿಕ್ಕಟ್ಟು ಮುಗಿದ ಮೇಲಿನ ವರ್ಷಗಳ ಬಗ್ಗೆಯೇ ಮಾತಾಡಬೇಕಾದ್ದು.

ಅಂಕಿಅಕ್ಕ
ಮೊದಲನೇ ಪ್ರಶ್ನೆಗೆ ಉತ್ತರಿಸ್ತೇನೆ. ಕೇಂದ್ರದ ಸಾಂಖ್ಯಿಕ ಕಚೇರಿ 2019ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆಯ ಪದ್ಧತಿಯನ್ನೇ ಸಣ್ಣದು ಮಾಡಿ ಬಳಸಬಹುದು. ಅಲ್ಲಿ ನಿನ್ನೆ ಬೆಳಗಿನ ಜಾವ 4ರಿಂದ ಇವತ್ತು ಬೆಳಗಿನ ಜಾವ 4ರವರೆಗೆ, ಅರ್ಧರ್ಧ ಗಂಟೆಯ ಖಾನೆಗಳನ್ನು ತುಂಬುತ್ತಾರೆ. ಒಂದು ಹಾಳೆಯಲ್ಲಿ 48 ಸಾಲು. ಆರು ವರ್ಷ ದಾಟಿದ ಎಲ್ಲರನ್ನೂ ಕೇಳಿದ್ದಾರೆ.

ಊರಲ್ಲಿ ಮಾಡುವಾಗ ಕೆಡೋದು ಎಲ್ಲಿ ಅಂದರೆ, "ದಿನಕ್ಕೆ ಎಷ್ಟು ಹೊತ್ತು ಮನೆಗೆಲಸ ಮಾಡ್ತೀರಿ?" ಅಂತ ನೇರ ಕೇಳಿದಾಗ. "ಏನಿಲ್ಲ, ಮನೇಲೇ ಇರ್ತೀನಿ" ಅನ್ನೋ ಉತ್ತರ ಬರುತ್ತೆ. ಹಾಗೆ ಕೇಳಬಾರದು. ಎದ್ದದ್ದು ಎಷ್ಟೊತ್ತಿಗೆ, ಆಮೇಲೆ ಏನು, ಆಮೇಲೆ ಏನು ಅಂತ ಗಡಿಯಾರದ ಹಿಂದೆ ಹೋಗಬೇಕು. ಗಡಿಯಾರ ನೋಡದವರಿಗೆ ಮೊದಲ ಬಸ್ಸು, ತೋಟದ ಹಾಜರಿ, ಶಾಲೆ ಗಂಟೆಯನ್ನು ಗುರುತಾಗಿ ಹಿಡಿಯಿರಿ. ಅತ್ತೆ, ಗಂಡ ಎದುರಿಗೆ ಕೂತಿದ್ದರೆ ಕೇಳಬೇಡಿ, ಹಾಳೆ ಪೂರ್ತಿ ಅವರ ಉತ್ತರವೇ ಆಗುತ್ತೆ. ಪ್ರತಿ ಅರ್ಧ ಗಂಟೆಗೂ "ಜೊತೆಗೆ ಇನ್ನೇನು ನಡೀತಿತ್ತು?" ಅಂತ ಎರಡನೇ ಕಾಲಂ ಇಡಿ. ಸೊಪ್ಪು ಬಿಡಿಸುತ್ತಾ ಮಲಗಿದ ಅಜ್ಜಿ ಕಡೆ ಕಿವಿ ಇಟ್ಟಿರೋದು ಆ ಕಾಲಂ ಇಲ್ಲದಿದ್ದರೆ ಎಲ್ಲೂ ಬರಲ್ಲ.

ಋತು ತಪ್ಪಿದರೆ ಅಂಕಿಯೂ ಕೆಡುತ್ತೆ. ಜನವರಿಯ ಕುಯ್ಲಿನಲ್ಲಿ ಒಂದು ದಿನ, ಜುಲೈ ಮಳೆಯಲ್ಲಿ ಒಂದು ದಿನ, ಎರಡರಲ್ಲೂ ಸಂತೆ ದಿನ ಬಿಟ್ಟು. 40 ಮನೆ ಸಾಕು: ಅರ್ಧ ಲೈನ್‌ಮನೆ, ಅರ್ಧ ಸಣ್ಣ ಬೆಳೆಗಾರರ ಮನೆ. ಪ್ರತಿ ಮನೆಯಲ್ಲಿ ಒಬ್ಬ ಹೆಂಗಸು, ಒಬ್ಬ ಗಂಡಸು. ಗಂಡಸನ್ನು ಬಿಟ್ಟರೆ ಹೋಲಿಸೋಕೆ ಏನೂ ಉಳಿಯಲ್ಲ.

ಸುಂಟಿಕೊಪ್ಪದವ
ಗಂಡಸರೇನು ಕೂತು ತಿಂತಾರಾ ಅಕ್ಕ? ಮರಗಸಿ (ನೆರಳು ಮರದ ಕೊಂಬೆ ಕಡಿಯೋದು), ಗುಂಡಿ ತೋಡೋದು, ಮದ್ದು ಹೊಡೆಯೋದು ಯಾರು? ಆ ಕೆಲಸಕ್ಕೂ ಕಾಲಂ ಇಡಿ.

ಅಂಕಿಅಕ್ಕ
ಇದೆ ಅಣ್ಣ. 2019ರ ಸಮೀಕ್ಷೆಯಲ್ಲಿ ಸಂಪಾದನೆಯ ಕೆಲಸಕ್ಕೆ ಹೋದ ಗಂಡಸರು ದಿನಕ್ಕೆ ಸರಾಸರಿ 459 ನಿಮಿಷ, ಹೋದ ಹೆಂಗಸರು 333 ನಿಮಿಷ. ಯಾರೂ ಅಲ್ಲಗಳೀತಿಲ್ಲ. ಮನೆಗೆಲಸದ ಸಾಲಿಗೆ ಬನ್ನಿ: ಹೆಂಗಸರು 299 ನಿಮಿಷ, ಗಂಡಸರು 97. ಇಲ್ಲಿ ಒಂದು ಕಡೆ ಎಲ್ಲರೂ ಎಡವುತ್ತಾರೆ. ಆ 97 ನಿಮಿಷ ಅವತ್ತು ಮನೆಗೆಲಸ ಮಾಡಿದ ಗಂಡಸರ ಸರಾಸರಿ ಮಾತ್ರ, ಮಾಡಿದವರು ನೂರಕ್ಕೆ 26. ಹೆಂಗಸರಲ್ಲಿ ನೂರಕ್ಕೆ 81. ಮಾಡದವರನ್ನೂ ಸೇರಿಸಿ ಹಂಚಿದರೆ ಹೆಂಗಸರಿಗೆ 243 ನಿಮಿಷ, ಗಂಡಸರಿಗೆ 25. ಟಿಪ್ಪಣಿಯಲ್ಲಿ ಯಾವ ಸರಾಸರಿ ಅಂತ ಬರೀದೆ ಅಂಕಿ ಹಾಕಬೇಡಿ, ಮೊದಲ ಪ್ರಶ್ನೆಗೇ ಸಿಕ್ಕಿಬೀಳ್ತೀರಿ.

2024ರಲ್ಲಿ ಮತ್ತೆ ಸಮೀಕ್ಷೆ ಆಯ್ತು. ಮಾಡಿದವರ ಸರಾಸರಿ 289 ಮತ್ತು 88. ಐದು ವರ್ಷ, ಮಧ್ಯದಲ್ಲಿ ಒಂದು ಮಹಾಮಾರಿ, ಆದರೂ ಅಂತರ ಇದ್ದಷ್ಟೇ: 202 ಇದ್ದದ್ದು 201.

ರೋಬಸ್ಟಾ
ಒಂದು ನಿಮಿಷ ಉಳಿತಾಯ 😀 ಒಂದು ಲೋಟ ಕಾಫಿ ಕುಡಿಯೋಕೂ ಸಾಲದು.

ಪಹಣಿಪುಟ
ಸರ್ಕಾರದ ಇನ್ನೊಂದು ಲೆಕ್ಕ ನೋಡಿ. ಕಾರ್ಮಿಕ ಬಲ ಸಮೀಕ್ಷೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಕೇತ ಸಂಖ್ಯೆ. 92 ಅಂದರೆ ಬರೀ ಮನೆಗೆಲಸ. 93 ಅಂದರೆ ಮನೆಗೆಲಸದ ಜೊತೆಗೆ ಸೌದೆ ತರೋದು, ಹೊಲಿಗೆ, ಇಂಥವು. ಇವೆರಡೂ ಕಾರ್ಮಿಕ ಬಲದ ಹೊರಗೆ. 21 ಅಂದರೆ ಮನೆಯ ಕಸುಬಿನಲ್ಲಿ ಸಂಬಳವಿಲ್ಲದ ಸಹಾಯಕಿ, ಇದು ಒಳಗೆ. ಎರಡು ಎಕರೆ ತೋಟದ ಮನೆಯಲ್ಲಿ ಕಣಕ್ಕೆ ಕಾಫಿ ಹರಡಿ, ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿ, ಉದುರು ಹೆಕ್ಕುವ ಹೆಂಗಸು 92 ಅಥವಾ 21, ಸಮೀಕ್ಷೆಗೆ ಬರುವವರು ಕೇಳೋ ರೀತಿ ಮೇಲೆ.

15 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ಕಾರ್ಮಿಕ ಬಲದ ಪಾಲು 2017-18ರಲ್ಲಿ ನೂರಕ್ಕೆ 23.3 ಇದ್ದದ್ದು 2023-24ಕ್ಕೆ 41.7 ಆಗಿದೆ. ಭಾಷಣಗಳಲ್ಲಿ ಇದು ಸಬಲೀಕರಣ. ಹಳ್ಳಿಗಳಲ್ಲಿ ಈ ಏರಿಕೆಯ ದೊಡ್ಡ ಪಾಲು ಸ್ವಂತ ಕಸುಬು ಮತ್ತು ಇದೇ 21ರಿಂದ ಬಂದದ್ದು. ಆಳಿಗೆ ಕೊಡೋಕೆ ದುಡ್ಡಿಲ್ಲದೆ ಮನೆಯಾಕೆ ಕಣಕ್ಕೆ ಇಳಿದರೂ ಅಂಕಿ ಏರುತ್ತೆ, ಕೈಗೆ ಬರೋ ಕಾಸು ಸೊನ್ನೆ. ಬಿಕ್ಕಟ್ಟಿನ ನಂತರದ ಯಾವ ಏರಿಕೆ ಕಂಡರೂ ಮೊದಲು 21ನ್ನು ಬೇರೆ ತೆಗೆದು ನೋಡಬೇಕು.

ಬ್ರಹ್ಮಗಿರಿ
ಜಿಡಿಪಿ ಲೆಕ್ಕದಲ್ಲೂ ಇದೇ ತಮಾಷೆ. ವಿಶ್ವಸಂಸ್ಥೆಯ ರಾಷ್ಟ್ರೀಯ ಲೆಕ್ಕಪತ್ರಗಳ 2008ರ ಪದ್ಧತಿ ಪ್ರಕಾರ ಮನೆ ಬಳಕೆಗೆ ಸೌದೆ ತಂದರೆ, ನೀರು ಹೊತ್ತರೆ ಉತ್ಪಾದನೆ. ಅದೇ ಸೌದೆ ಉರಿಸಿ, ಅದೇ ನೀರು ಕುದಿಸಿ ಅನ್ನ ಮಾಡಿದರೆ ಅಲ್ಲ.

ಸುಂಟಿಕೊಪ್ಪದವ
ತಾಯಿ ಮಗುವಿಗೆ ಉಣಿಸೋದಕ್ಕೂ ಬಿಲ್ ಹಾಕಿದರೆ ಸಂಸಾರ ಅನ್ನೋದು ಏನಾಗುತ್ತೆ?

ಬ್ರಹ್ಮಗಿರಿ
ಬಿಲ್ ಹಾಕೋದು ಬೇಡ. ಆದರೆ ಆಕೆ ಅಪಘಾತದಲ್ಲಿ ತೀರಿಕೊಂಡರೆ ನ್ಯಾಯಾಲಯ ಹಾಕಲೇಬೇಕಾಗುತ್ತೆ, ಹಾಕಿಯೂ ಇದೆ. ಮೋಟಾರು ವಾಹನ ಕಾಯ್ದೆಯ ಹಳೆಯ ಎರಡನೇ ಅನುಸೂಚಿಯಲ್ಲಿ ಸಂಪಾದನೆಯಿಲ್ಲದ ಹೆಂಡತಿಯ ಆದಾಯ ಅಂದರೆ ಗಂಡನ ಆದಾಯದ ಮೂರನೇ ಒಂದು ಪಾಲು. 2001ರ ಲತಾ ವಾಧ್ವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗೃಹಿಣಿಯ ಸೇವೆಗೆ ತಿಂಗಳಿಗೆ 3000 ರೂಪಾಯಿ ಹಿಡಿಯಿತು. 2021ರ ಜನವರಿಯ ಕೀರ್ತಿ ಪ್ರಕರಣದಲ್ಲಿ ಗೃಹಿಣಿಗೂ ಆದಾಯ ನಿಗದಿ ಮಾಡಬೇಕು, ಮುಂದಿನ ಏರಿಕೆಯನ್ನೂ ಸೇರಿಸಬೇಕು ಅಂತ ಹೇಳಿತು. ಸತ್ತ ಮೇಲೆ ಬೆಲೆ ಕಟ್ಟೋದು ಸರಿ, ಬದುಕಿರುವಾಗ ಕಟ್ಟಿದರೆ ಸಂಸಾರ ಒಡೆಯುತ್ತೆ ಅನ್ನೋದು ಯಾವ ನ್ಯಾಯ?

ಹಂಡೆನೀರು
ಗೃಹಲಕ್ಷ್ಮಿ 2000 ಬರ್ತಿದೆಯಲ್ಲ. ಅದೇ ಸಂಬಳ ಅಂದ್ಕೊಳ್ಳಿ ಅಂತಾರೆ ನಮ್ಮ ಕಡೆ.

ಅಂಕಿಅಕ್ಕ
ಸರಿ, ಸಂಬಳ ಅಂತಲೇ ಲೆಕ್ಕ ಹಾಕೋಣ. ಎಂಟು ಗಂಟೆಗೆ 400 ರೂಪಾಯಿ ಕೂಲಿ ಅಂತ ಹಿಡಿಯಿರಿ, ಗಂಟೆಗೆ 50. ದಿನಕ್ಕೆ ಐದು ಗಂಟೆ ಮನೆಗೆಲಸ ಅಂದರೆ 250, ತಿಂಗಳಿಗೆ 7500. 2000ಕ್ಕೆ ಬರೋದು 40 ಗಂಟೆ, ಅಂದರೆ ಎಂಟು ದಿನ. ಉಳಿದ 22 ದಿನ ಪುಕ್ಕಟೆ. ಇದೂ ಸಾಮಾನ್ಯ ಕೂಲಿ ದರದಲ್ಲಿ. ರೋಗಿ ನೋಡಿಕೊಳ್ಳೋದಕ್ಕೆ ನರ್ಸ್ ದರ ಹಾಕಿದರೆ ಇನ್ನೂ ಮೇಲೆ ಹೋಗುತ್ತೆ. ಆಕೆ ಕುಯ್ಲಿಗೆ ಹೋಗಿದ್ದರೆ ಎಷ್ಟು ಬರ್ತಿತ್ತು ಅಂತ ಲೆಕ್ಕ ಹಾಕೋ ಮೂರನೇ ದಾರಿಯೂ ಇದೆ, ಅದನ್ನು ಬಳಸಬೇಡಿ. ಕಡಿಮೆ ಕೂಲಿ ಸಿಗೋ ಹೆಂಗಸಿನ ಅಡುಗೆಗೆ ಕಡಿಮೆ ಬೆಲೆ ಅಂತಾಗುತ್ತೆ.

ಗೃಹಲಕ್ಷ್ಮಿ ಬೇಡ ಅಂತಲ್ಲ. ಕೈಯಲ್ಲಿ ದುಡ್ಡಿದ್ದರೆ ಮನೆಯಲ್ಲಿ ಮಾತಿಗೆ ತೂಕ ಬರುತ್ತೆ. ಆದರೆ ಅದರಿಂದ ಕೆಲಸದ ಒಂದು ಗಂಟೆಯೂ ಕಡಿಮೆ ಆಗಲ್ಲ.

ಚೆಕ್‌ರೋಲ್
ಅದೂ ಎಲ್ಲರಿಗೂ ಇಲ್ಲ. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅಂತ ಹೆಸರಿರಬೇಕು, ಕಾರ್ಡು ಕರ್ನಾಟಕದ್ದಾಗಿರಬೇಕು. ಅಸ್ಸಾಮಿನಿಂದ ಬಂದು ಲೈನ್‌ಮನೆಯಲ್ಲಿ ಇರೋ ಹೆಂಗಸರಿಗೆ ಗೃಹಲಕ್ಷ್ಮಿಯೂ ಇಲ್ಲ, ಶಕ್ತಿ ಬಸ್ಸೂ ಇಲ್ಲ. ಮಗು ನೋಡಿಕೊಳ್ಳೋಕೆ ಅತ್ತೆ, ನಾದಿನಿಯೂ ಇಲ್ಲ. ಇವತ್ತು ಎಷ್ಟೋ ತೋಟಗಳ ಕುಯ್ಲು ನಿಂತಿರೋದು ಇವರ ಮೇಲೆ. ಟಿಪ್ಪಣಿಯಲ್ಲಿ "ಗ್ರಾಮದ ನಿವಾಸಿಗಳು" ಅಂತ ಬರೆದರೆ ಇವರು ಹೊರಗೆ ಉಳೀತಾರೆ. "ಗ್ರಾಮದಲ್ಲಿ ಕೆಲಸ ಮಾಡುವವರು" ಅಂತ ಬರೆಯಿರಿ.

ಹಳೇಅಂಗನವಾಡಿ
ಮಕ್ಕಳ ವಿಷಯ ಬಂತಲ್ಲ, ಸಮಯದ ತಕರಾರು ಹೇಳ್ತೇನೆ. ಅಂಗನವಾಡಿ ಬಾಗಿಲು ತೆರೆಯೋದು ಬೆಳಗ್ಗೆ ಒಂಬತ್ತೂವರೆಗೆ, ಮುಚ್ಚೋದು ನಾಲ್ಕಕ್ಕೆ. ತೋಟದ ಹಾಜರಿ ಎಂಟಕ್ಕೆ. ಕುಯ್ಲಿನ ಕಾಲದಲ್ಲಿ ಹಣ್ಣು ತೂಕ ಹಾಕಿ ಮನೆ ಸೇರೋವಾಗ ಐದು ದಾಟುತ್ತೆ. ಈ ಒಂದೂವರೆ ಮತ್ತು ಒಂದು ಗಂಟೆಯನ್ನು ತುಂಬೋದು ಎಂಟು-ಹತ್ತು ವರ್ಷದ ಅಕ್ಕ, ಶಾಲೆ ತಪ್ಪಿಸಿ. ಜೊತೆಗೆ ಅಂಗನವಾಡಿ ಕಲಿಕೆ ಮೂರರಿಂದ ಆರು ವರ್ಷದವರಿಗೆ. ಮೂರರ ಒಳಗಿನವರಿಗೆ ಪೌಷ್ಟಿಕ ಆಹಾರ ಮನೆಗೆ ಬರುತ್ತೆ, ಮಗು ಮಾತ್ರ ತಾಯಿಯ ಬೆನ್ನ ಮೇಲೆ ಅಥವಾ ಸಿಲ್ವರ್ ಮರದ ನಡುವಿನ ಸೀರೆ ತೊಟ್ಟಿಲಲ್ಲಿ.

ಇನ್ನೊಂದು ಮಾತು. 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿದವರು ಒಂದರಿಂದ ಐದನೇ ತರಗತಿ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟು ದಿನ ಅಕ್ಷರ ದಾಸೋಹದ ಬಿಸಿಯೂಟದ ಬದಲು ಅಕ್ಕಿ, ಬೇಳೆ ಮನೆಗೆ ಕೊಟ್ಟರು. ಆಹಾರ ಬಂತು ನಿಜ. ಶಾಲೆಯ ಅಡುಗೆಮನೆಯಲ್ಲಿ ಇಬ್ಬರು ಗೌರವಧನಕ್ಕೆ ಮಾಡುತ್ತಿದ್ದ ಕೆಲಸ ನೂರು ಮನೆಗಳ ಒಲೆಗೆ ಬಿತ್ತು, ಪುಕ್ಕಟೆಯಾಗಿ. ಯಾವ ಬಜೆಟ್ಟಿನಲ್ಲೂ ಇದು ಖರ್ಚು ಅಂತ ಕಾಣಲ್ಲ.

ಮಳೆಮಾಪಕ
ಇದೇ ನನಗೆ ಬೇಕಾಗಿದ್ದ ಉದಾಹರಣೆ. ಬೇರೆ ದೇಶಗಳಲ್ಲಿ ಬಿಕ್ಕಟ್ಟಿನ ನಂತರ ಸರ್ಕಾರಗಳು ಇದರ ಬಗ್ಗೆ ಏನಾದರೂ ಮಾಡಿದ್ದಾವಾ? ಸಭೆಯಲ್ಲಿ ಯಾರಾದರೂ ಕೇಳೇ ಕೇಳ್ತಾರೆ.

ಬ್ರಹ್ಮಗಿರಿ
ಎರಡು ದಾರಿ. ಬ್ರಿಟನ್ 2008ರ ಕುಸಿತದ ನಂತರ, 2010ರಿಂದ ಖರ್ಚು ಕತ್ತರಿಸಿತು. ತೆರಿಗೆ ಮತ್ತು ಭತ್ಯೆಗಳ ಬದಲಾವಣೆಯಿಂದ ಖಜಾನೆಗೆ ಆದ ಉಳಿತಾಯದಲ್ಲಿ ನೂರಕ್ಕೆ 86 ಪಾಲು ಹೆಂಗಸರಿಂದ ಬಂದದ್ದು ಅಂತ ಅವರ ಸಂಸತ್ತಿನ ಗ್ರಂಥಾಲಯವೇ ಲೆಕ್ಕ ಹಾಕಿದೆ. ಮಕ್ಕಳ ಭತ್ಯೆ, ವಸತಿ ನೆರವು ಇವನ್ನು ಹೆಚ್ಚಾಗಿ ಪಡೆಯುತ್ತಿದ್ದವರು ಅವರೇ.

ಇನ್ನೊಂದು ದಾರಿ ಉರುಗ್ವೆಯದ್ದು. 2002ರಲ್ಲಿ ಬ್ಯಾಂಕುಗಳು ಕುಸಿದ ದೇಶ. ಆಮೇಲಿನ ವರ್ಷಗಳಲ್ಲಿ ಸಮಯ ಬಳಕೆ ಸಮೀಕ್ಷೆ ಮಾಡಿ, ಚರ್ಚೆ ಮಾಡಿ, 2015ರಲ್ಲಿ ಆರೈಕೆಯ ರಾಷ್ಟ್ರೀಯ ವ್ಯವಸ್ಥೆ ಅಂತ ಕಾನೂನೇ ತಂದರು. ಸಣ್ಣ ಮಕ್ಕಳು, ಅಂಗವಿಕಲರು, ಪರಾವಲಂಬಿ ವೃದ್ಧರು, ಇವರ ಆರೈಕೆ ಶಾಲೆ, ಆಸ್ಪತ್ರೆಯ ಹಾಗೆ ಸರ್ಕಾರದ ಹೊಣೆ ಅಂತ. ಅರ್ಜೆಂಟೀನಾ 2021ರಲ್ಲಿ ಪಿಂಚಣಿಗೆ ಬೇಕಾದ ಸೇವಾ ವರ್ಷಗಳ ಲೆಕ್ಕಕ್ಕೆ ಒಂದೊಂದು ಮಗುವಿಗೂ ಒಂದು ವರ್ಷ ಸೇರಿಸಿತು, ದತ್ತು ಮಗುವಾದರೆ ಎರಡು.

ಗಡಿಯಾಚೆ
ಅಷ್ಟು ದೂರ ಯಾಕೆ, ಕುಟ್ಟ ದಾಟಿದರೆ ವಯನಾಡು, ಮಾಕುಟ್ಟ ಇಳಿದರೆ ಕಣ್ಣೂರು. ಕೇರಳ 2008ರಲ್ಲೇ ಉಪಶಾಮಕ ಆರೈಕೆಯ (ವಾಸಿಯಾಗದ ರೋಗಿಯ ನೋವು ತಗ್ಗಿಸೋ ಆರೈಕೆ) ನೀತಿ ತಂದು ಪಂಚಾಯ್ತಿಗಳ ಮೂಲಕ ಮನೆಗೇ ನರ್ಸ್ ಕಳಿಸೋ ವ್ಯವಸ್ಥೆ ಮಾಡಿತು. ಬೆನ್ನುಹುಣ್ಣಿಗೆ ಡ್ರೆಸಿಂಗ್, ಮೂತ್ರದ ಕೊಳವೆ ಬದಲಾಯಿಸೋದು, ಮನೆಯವರಿಗೆ ಮಗ್ಗುಲು ಹೊರಳಿಸೋದು ಕಲಿಸೋದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹುಣ್ಣು ಆಗುತ್ತೆ, ಹುಣ್ಣಾದ ಮೇಲೆ ಆರೈಕೆಯ ಕೆಲಸ ದುಪ್ಪಟ್ಟು. ಮಕ್ಕಳೆಲ್ಲ ಬೆಂಗಳೂರು ಸೇರಿದ ಮನೆಗಳಲ್ಲಿ ಎಪ್ಪತ್ತರ ಹೆಂಡತಿ ಎಂಬತ್ತರ ಗಂಡನನ್ನು ಹೊರಳಿಸುತ್ತಿರೋ ಜಿಲ್ಲೆ ನಮ್ಮದು. ಆ ಕೆಲಸವನ್ನು ಒಬ್ಬರೇ ಮಾಡೋದು ಹೇಗೆ ಅಂತ ಹೇಳಿಕೊಡೋರೂ ಇಲ್ಲ. (ಹಾಸಿಗೆಯ ಮೇಲೆ ಅಡ್ಡಲಾಗಿ ಮಡಿಸಿದ ಬೆಡ್‌ಶೀಟ್ ಹಾಕಿ ಅದನ್ನು ಹಿಡಿದು ಎಳೀಬೇಕು, ಕಂಕುಳಿಗೆ ಕೈ ಹಾಕಿ ಎತ್ತಬಾರದು. ಎತ್ತಿದವರ ಸೊಂಟ ಹೋಗುತ್ತೆ.)

ಹಂಡೆನೀರು
ಮಳೆಗಾಲದ ಬಟ್ಟೆ ಬಗ್ಗೆ ಯಾರೂ ಬರೀಲಿಲ್ಲ! ಜೂನಿನಿಂದ ಸೆಪ್ಟೆಂಬರ್ ತನಕ ಒಲೆ ಮೇಲಿನ ಹಗ್ಗಕ್ಕೆ ಹಾಕಿ, ತಿರುವಿ, ಹೊಗೆ ವಾಸನೆ ಬಂದರೆ ಮತ್ತೆ ಒಗೆದು... ರೋಗಿ ಇರೋ ಮನೆ ಅಂದರೆ ದಿನಕ್ಕೆ ನಾಲ್ಕು ಬೆಡ್‌ಶೀಟ್.

ಸುಂಟಿಕೊಪ್ಪದವ
ಆನೆ ಕೂಡ. ಆನೆ ಓಡಾಡೋ ದಾರಿಯಲ್ಲಿ ಮಗುವನ್ನು ಒಬ್ಬನೇ ಶಾಲೆಗೆ ಕಳಿಸೋಕಾಗಲ್ಲ, ಯಾರಾದರೂ ಹೋಗಿ ಬಿಟ್ಟು ಬರಬೇಕು, ಕರೆದು ತರಬೇಕು. ನಮ್ಮ ಕಡೆ ಇದು ಗಂಡಸರ ಕೆಲಸವೂ ಹೌದು, ಬರೆದುಕೊಳ್ಳಿ 😄

ಅಂಕಿಅಕ್ಕ
ಎರಡಕ್ಕೂ ಹಾಳೆಯಲ್ಲಿ ಬೇರೆ ಗುರುತು ಇಡೋಣ. ಅಣ್ಣನ ಮಾತು ಸರಿ, ಬಿಟ್ಟು ಬರೋದನ್ನು ಗಂಡಸರೂ ಮಾಡ್ತಾರೆ. ಮಗುವನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಬುತ್ತಿ ಕಟ್ಟೋದನ್ನು ಯಾರು ಮಾಡ್ತಾರೆ ಅಂತ ಅದರ ಮೇಲಿನ ಸಾಲು ಹೇಳುತ್ತೆ.

ಪಹಣಿಪುಟ
ನೀರು ಕೇಳೋದಾದರೆ ಬರೀ ನಲ್ಲಿ ಕೇಳಬೇಡಿ. ಜಲ ಜೀವನ ಮಿಷನ್ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. ಅದು ಬೆಳಗ್ಗೆ ಹನ್ನೊಂದಕ್ಕೆ ಬಂದರೆ ಎಂಟಕ್ಕೇ ತೋಟಕ್ಕೆ ಹೋದವಳಿಗೆ ಏನು ಬಂತು? ಬೆಳಗ್ಗೆ ಆರಕ್ಕೆ ಅಥವಾ ಸಂಜೆ ಐದೂವರೆ ಮೇಲೆ ನೀರು ಬಿಡಬೇಕು ಅಂತ ನಡಾವಳಿಯಲ್ಲಿ ಬರಲಿ. ಬೆಟ್ಟದ ಒರತೆಯಿಂದ ಪೈಪ್ ಎಳೆದ ಕಡೆ ಮಳೆಗಾಲದಲ್ಲಿ ಎಲೆ, ಮಣ್ಣು ಕಟ್ಟಿಕೊಂಡು ನಿಲ್ಲುತ್ತೆ. ಮೇಲ್ಗಡೆ ಜಾಲರಿ ಮತ್ತು ಮಣ್ಣು ತಂಗೋ ಸಣ್ಣ ತೊಟ್ಟಿ ಬೇಕು, ವಾರಕ್ಕೊಮ್ಮೆ ತೊಳೆಯೋ ಕೆಲಸ ನೀರುಗಂಟಿಯ ಪಟ್ಟಿಗೆ ಸೇರಬೇಕು. ಇಲ್ಲದಿದ್ದರೆ ಆ ಕೆಲಸವೂ ಹೆಂಗಸರ ತಲೆಗೇ.

ಚೆಕ್‌ರೋಲ್
ನನ್ನ ಮತ ಮಕ್ಕಳ ಕೇಂದ್ರಕ್ಕೆ. ಯಾಕೆ ಅಂದರೆ ಅದಕ್ಕೆ ಕಾನೂನಿನ ಹಿಡಿತ ಇದೆ.

1951ರ ತೋಟ ಕಾರ್ಮಿಕರ ಕಾಯ್ದೆಯ 12ನೇ ಕಲಂ ನೋಡಿ. 50 ಅಥವಾ ಹೆಚ್ಚು ಹೆಂಗಸರು ಕೆಲಸ ಮಾಡಿದರೆ, ಅಥವಾ ಅವರ ಆರು ವರ್ಷದೊಳಗಿನ ಮಕ್ಕಳು 20 ಇದ್ದರೆ, ಮಾಲೀಕರು ಕ್ರೆಶ್ ಇಡಬೇಕಿತ್ತು. ತೋಟದವರು ಸಾಮಾನ್ಯವಾಗಿ ಕೊಡೋ ಉತ್ತರ: "ನಮ್ಮ ಖಾಯಂ ಹೆಂಗಸರು 18 ಜನ." ಕಾಯ್ದೆ ಕೇಳಿದ್ದು ಖಾಯಂ ಅಲ್ಲ. ಹಿಂದಿನ 12 ತಿಂಗಳಲ್ಲಿ ಯಾವುದೇ ಒಂದು ದಿನ, ಗುತ್ತಿಗೆಯವರೂ ಸೇರಿ. ಜನವರಿ ಕುಯ್ಲಿನ ಒಂದು ದಿನದ ಚೆಕ್‌ರೋಲ್ (ತೋಟದ ಹಾಜರಿ ಪಟ್ಟಿ) ಸಾಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಎಣಿಕೆ 50 ಕಾರ್ಮಿಕರು ಅಂತಾಗಿದೆ, ಗಂಡಸರೂ ಸೇರಿ. ಅಷ್ಟರ ಮಟ್ಟಿಗೆ ಒಳ್ಳೇದೇ, ಮಗು ತಾಯಿಯೊಬ್ಬಳದ್ದೇ ಅನ್ನೋ ಲೆಕ್ಕ ಹೋಯ್ತು.

ಕೊಡಗಿನ ತೊಂದರೆ ಏನಂದರೆ ಹೆಚ್ಚಿನ ತೋಟಗಳು ಸಣ್ಣವು. ಹತ್ತು ಎಕರೆಯವರಿಗೆ ಈ ಕಾನೂನು ತಾಗಲ್ಲ. ಅಲ್ಲಿಗೆ ಪಂಚಾಯ್ತಿಯ ಕೂಸಿನ ಮನೆ ಬರಬೇಕು. 2023-24ರ ರಾಜ್ಯ ಬಜೆಟ್ಟಿನಲ್ಲಿ 4000 ಗ್ರಾಮ ಪಂಚಾಯ್ತಿಗಳಿಗೆ ಅಂತ ಘೋಷಿಸಿದ್ದು, ಮೂರು ವರ್ಷದೊಳಗಿನ ಮಕ್ಕಳಿಗೆ, ಉದ್ಯೋಗ ಖಾತ್ರಿಯ ಹೆಂಗಸರಿಗಾಗಿ. ಉದ್ಯೋಗ ಖಾತ್ರಿ ಕೆಲಸ ಇಲ್ಲದ ಕುಯ್ಲಿನ ತಿಂಗಳುಗಳಲ್ಲೂ ಬಾಗಿಲು ತೆರೆದಿರಬೇಕು ಅಂತ ಕೇಳಬೇಕಾದ್ದು ಇಲ್ಲಿ.

ರೋಬಸ್ಟಾ
ಖರ್ಚು ಎಷ್ಟು? ಹತ್ತು ಎಕರೆಯವರ ಕಡೆಯಿಂದ ಕೇಳ್ತಿದ್ದೇನೆ, ಜಗಳಕ್ಕಲ್ಲ.

ಚೆಕ್‌ರೋಲ್
ಕೂಲಿ ದಿನಕ್ಕೆ 450 ಅಂತ ಹಿಡಿಯಿರಿ. 20 ಮಕ್ಕಳಿಗೆ ಇಬ್ಬರು ನೋಡಿಕೊಳ್ಳೋರು, ಒಬ್ಬರು ಅಡುಗೆ ಮತ್ತು ಶುಚಿಗೆ. ಕುಯ್ಲಿನ 90 ದಿನ. ಮೂರು ಜನರ ಕೂಲಿ 1,21,500. ಮಗುವಿಗೆ ದಿನಕ್ಕೆ 67 ರೂಪಾಯಿ 50 ಪೈಸೆ. ಅಕ್ಕಪಕ್ಕದ ಎಂಟು ತೋಟ ಸೇರಿದರೆ ತೋಟಕ್ಕೆ ಸುಮಾರು 15,200, ಗಂಜಿ, ಹಾಲು ಬೇರೆ. ಒಂದು ವರ್ಷದೊಳಗಿನ ಮಕ್ಕಳು ನಾಲ್ಕಕ್ಕಿಂತ ಹೆಚ್ಚಿದ್ದರೆ ಇನ್ನೊಬ್ಬರು ಬೇಕೇ ಬೇಕು.

ಕೇಂದ್ರ ಕೆಡೋದು ಮೂರು ಕಾರಣಕ್ಕೆ. ತೋಟದಿಂದ ದೂರ ಇರೋದು: ಹಾಲೂಡಿಸೋಕೆ ಬಂದು ಹೋಗೋದಕ್ಕೇ ಒಂದು ಗಂಟೆ ಹೋದರೆ ತಾಯಿ ಮಗುವನ್ನು ಬಿಡಲ್ಲ, ಕಿಲೋ ಲೆಕ್ಕದ ಕುಯ್ಲಲ್ಲಿ ಆ ಗಂಟೆ ಅವಳ ದುಡ್ಡು. ಎರಡನೇದು, ಒಂಬತ್ತಕ್ಕೆ ತೆರೆಯೋದು, ಏಳೂವರೆಗೆ ತೆರೆಯಲೇಬೇಕು. ಮೂರನೇದು, ನೋಡಿಕೊಳ್ಳೋರಿಗೆ ಕುಯ್ಲಿಗಿಂತ ಕಡಿಮೆ ಕೂಲಿ ಕೊಡೋದು. ಜನವರಿ ಎರಡನೇ ವಾರಕ್ಕೆ ಅವರೂ ಕುಯ್ಲಿಗೆ ಹೊರಟುಹೋಗ್ತಾರೆ, ಕೇಂದ್ರಕ್ಕೆ ಬೀಗ.

ರೋಬಸ್ಟಾ
15,200 ಅಂದರೆ ಕುಯ್ಲಿಗೆ ಆಳು ಸಿಗದೆ ಹಣ್ಣು ಉದುರಿ ಆಗೋ ನಷ್ಟಕ್ಕಿಂತ ಕಡಿಮೆ. ಎಂಟು ತೋಟದವರನ್ನು ಒಂದು ಕಡೆ ಕೂರಿಸೋದೇ ಕಷ್ಟ, ಬೇಲಿ ವಿಷಯಕ್ಕೇ ಕೂರಲ್ಲ.

ಹಳೇಅಂಗನವಾಡಿ
ನೋಡಿಕೊಳ್ಳೋರ ಕೂಲಿ ಬಗ್ಗೆ ಗಟ್ಟಿಯಾಗಿ ಬರೆಯಿರಿ ಮೇಡಂ. ಅಂಗನವಾಡಿ 1975ರಲ್ಲಿ ಶುರುವಾದದ್ದು, ಕರ್ನಾಟಕದಲ್ಲಿ ತಿ. ನರಸೀಪುರದಿಂದ. ಆ ಕಾರ್ಯಕರ್ತೆಯರಿಗೆ ಗ್ರಾಚ್ಯುಟಿ ಹಕ್ಕು ಇದೆ ಅಂತ ಸುಪ್ರೀಂ ಕೋರ್ಟು ಹೇಳೋಕೆ 2022 ಆಗಬೇಕಾಯ್ತು. ಮನೆಯೊಳಗಿನ ಪುಕ್ಕಟೆ ಕೆಲಸವನ್ನು ಮನೆಯ ಹೊರಗೆ ಅರ್ಧ ಪುಕ್ಕಟೆಗೆ ಮಾಡಿಸಿದರೆ ಅದು ಹಂಚಿಕೆ ಅಲ್ಲ.

ಮಳೆಮಾಪಕ
ಹಾಗಾದರೆ ಟಿಪ್ಪಣಿಯಲ್ಲಿ ಎರಡೇ ಬೇಡಿಕೆ: ಡಿಸೆಂಬರಿನಿಂದ ಮಾರ್ಚ್ ತನಕ ಬೆಳಗ್ಗೆ ಏಳೂವರೆಯಿಂದ ಸಂಜೆ ಐದೂವರೆವರೆಗೆ ಕೂಸಿನ ಮನೆ, ಮತ್ತು ನೀರು ಬಿಡೋ ಸಮಯ. ಮನೆಗೆ ನರ್ಸ್ ಬರೋ ವಿಷಯ ಪಂಚಾಯ್ತಿ ಕೈಯಲ್ಲಿಲ್ಲ, ಜಿಲ್ಲೆಗೆ ಬೇರೆ ಪತ್ರ. ಜನವರಿಯಲ್ಲಿ 40 ಮನೆಗಳ ಹಾಳೆ.

ಪಹಣಿಪುಟ
ಸರಿ. ಅರ್ಜಿಯನ್ನು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಸಭೆಗೆ ಮೊದಲೇ ಕೊಟ್ಟು ಸ್ವೀಕೃತಿ ತಗೊಳ್ಳಿ. ಸಭೆಯಲ್ಲಿ "ಚರ್ಚಿಸಲಾಯಿತು" ಅಂತ ಬರೆದು ಮುಗಿಸ್ತಾರೆ, ಒಪ್ಪಬೇಡಿ. ತೆರೆಯುವ ಗಂಟೆ, ತಿಂಗಳು, ಮಕ್ಕಳ ಸಂಖ್ಯೆ, ಕೂಲಿ ಎಲ್ಲಿಂದ ಅನ್ನೋದು ನಿರ್ಣಯದಲ್ಲೇ ಇರಬೇಕು. ನಡಾವಳಿ ಪುಸ್ತಕ ಓದಿಸಿ ಕೇಳಿದ ಮೇಲೆ ಸಹಿ ಹಾಕಿ, ಖಾಲಿ ಪುಟಕ್ಕೆ ಬೇಡ. ಗ್ರಾಮ ಪಂಚಾಯ್ತಿ ಅಭಿವೃದ್ಧಿ ಯೋಜನೆಗೆ ಸೇರದಿದ್ದರೆ ಮುಂದಿನ ವರ್ಷ ದುಡ್ಡಿಲ್ಲ ಅಂತಾರೆ.

ಹಂಡೆನೀರು
ಸಭೆ ಎಷ್ಟೊತ್ತಿಗೆ? ಬೆಳಗ್ಗೆ ಹನ್ನೊಂದಕ್ಕೆ ಇಟ್ಟರೆ ಕುಯ್ಲಿಗೆ ಹೋದ ಒಬ್ಬಳೂ ಬರಲ್ಲ.